ರಕ್ತ ನಿಲ್ಲದವರಿಗೆ ನೆರವು ಎಲ್ಲಿ ದೊರೆಯಬೇಕು?

ಪೆನ್ಸಿಲು ಚೂಪು ಮಾಡುವಾಗ ಬೆರಳು ಕೊಯ್ದರೆ ಒತ್ತಿ ಹಿಡಿಯುತ್ತೇವೆ. ಕೆಲವು ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ರಕ್ತದಲ್ಲಿರುವ ಹಲವು ಪ್ರೋಟೀನುಗಳು ಸರಪಣಿಯ ಕೊಂಡಿಗಳಂತೆ ಒಂದರ ಹಿಂದೊಂದು ಕೆಲಸ ಮಾಡಿ ಹೆಪ್ಪು ಕಟ್ಟುವುದರ ಫಲವಿದು. ಇವುಗಳಲ್ಲಿ ಎಂಟನೆಯ ಅಥವಾ ಒಂಬತ್ತನೆಯ ಅಂಶದ ಕೊರತೆಯೇ ಹೀಮೋಫೀಲಿಯ. ಕುಸುಮರೋಗವೆಂದೂ ಇದನ್ನು ಕರೆಯುವುದುಂಟು. ಇದು ಅಂಟುರೋಗವಲ್ಲ, ಸಾಮಾನ್ಯವಾಗಿ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಗಂಡುಮಕ್ಕಳಿಗೆ ಬರುವ ದೋಷ. ಇಲ್ಲಿ ಹೊರಗಿನ ಗಾಯಕ್ಕಿಂತ ಒಳಗಿನ ರಕ್ತಸ್ರಾವವೇ ಹೆಚ್ಚು ಅಪಾಯಕರ. ಮೊಣಕಾಲಿನ ಕೀಲಿನೊಳಗೆ ಪದೇ ಪದೇ ರಕ್ತ ತುಂಬಿದರೆ ಕೀಲು ಕೆಟ್ಟು ನಡೆಯುವುದೇ ಕಷ್ಟವಾಗುತ್ತದೆ. ತಲೆಯೊಳಗಾದರೆ ಪ್ರಾಣಕ್ಕೇ ಸಂಚಕಾರ.

1964ರಲ್ಲಿ ಅಮೆರಿಕದ ಜುಡಿತ್ ಪೂಲ್ ಅವರು, ಘನೀಕರಿಸಿದ ಪ್ಲಾಸ್ಮಾವನ್ನು ಶೀತದಲ್ಲಿಯೇ ನಿಧಾನವಾಗಿ ಕರಗಿಸಿದಾಗ ತಳದಲ್ಲಿ ಉಳಿಯುವ ಗಸಿಯಲ್ಲಿ ಎಂಟನೆಯ ಅಂಶ ಸಾಂದ್ರವಾಗಿರುವುದೆಂದು ತೋರಿಸಿದರು. ಇಂದು ಅದೇ ಅಂಶ ಪುಡಿಯ ರೂಪದಲ್ಲಿ, ಚುಚ್ಚುಮದ್ದಾಗಿ ದೊರೆಯುತ್ತದೆ.

ಸರ್ಕಾರ ಕೈಕಟ್ಟಿ ಕುಳಿತಿದೆಯೆಂದು ಹೇಳಲಾಗದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹೀಮೋಫೀಲಿಯವನ್ನು ಹೆಸರಿಸಿಯೇ ಪಟ್ಟಿಗೆ ಸೇರಿಸಿದೆ. ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆಗಳ ಮೂಲಕ ಔಷಧವನ್ನು ಉಚಿತವಾಗಿ ಕೊಡುವ ವ್ಯವಸ್ಥೆಯೂ ಬಂದಿದೆ. ತಾವೇ ಈ ರೋಗವುಳ್ಳವರಾಗಿ ವೈದ್ಯರಾದ ಡಾ. ಸುರೇಶ ಹನಗವಾಡಿ ಮತ್ತು ದಾವಣಗೆರೆಯ ಕರ್ನಾಟಕ ಹೀಮೋಫೀಲಿಯ ಸೊಸೈಟಿ ಈ ಜನರಿಗಾಗಿ ಬಹುಕಾಲದಿಂದ ದುಡಿದಿದ್ದಾರೆ.

ಆದರೆ ನೆರವು ಎಷ್ಟು ಎಂಬಷ್ಟೇ ಮುಖ್ಯವಾದ ಪ್ರಶ್ನೆ, ಅದು ಎಲ್ಲಿ ಮತ್ತು ಯಾವಾಗ ದೊರೆಯುತ್ತದೆ ಎಂಬುದು. ಚುಚ್ಚಿದ ಎಂಟನೆಯ ಅಂಶ ಶರೀರದಲ್ಲಿ ಸುಮಾರು 12 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದುದರಿಂದ ರಕ್ತಸ್ರಾವವನ್ನು ಮೊದಲೇ ತಡೆಯಬೇಕಾದರೆ ವಾರಕ್ಕೆ ಎರಡು ಮೂರು ಸಲ ಔಷಧ ಬೇಕು. ದೊಡ್ಡಬಳ್ಳಾಪುರದ ನೇಕಾರನೊಬ್ಬನು ಮಗನನ್ನು ಅಷ್ಟು ಸಲವೂ 40 ಕಿಲೋಮೀಟರು ದೂರದ ಬೆಂಗಳೂರಿಗೆ ಕರೆದೊಯ್ಯಬೇಕಾದರೆ, ತಂದೆಗೆ ಕೂಲಿ ತಪ್ಪುತ್ತದೆ, ಮಗನಿಗೆ ಪಾಠ ತಪ್ಪುತ್ತದೆ. ಬೆಲೆಯಿಲ್ಲದೆ ಕೊಟ್ಟ ಔಷಧಕ್ಕೂ ಆ ಮನೆ ಬೆಲೆ ತೆತ್ತಂತಾಯಿತು!

ವಿರಳವಾದ ರೋಗಕ್ಕೆ ತಾಲ್ಲೂಕು ತಾಲ್ಲೂಕಿನಲ್ಲಿ ದುಬಾರಿ ಔಷಧವಿಟ್ಟರೆ ಅವಧಿ ಮೀರಿ ಹಾಳಾಗದೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯಂತೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ ಸುಮಾರು 9 ಲಕ್ಷ 90 ಸಾವಿರ. ಇವರಲ್ಲಿ ಅರ್ಧದಷ್ಟು ಗಂಡಸರು. ಎಂಟನೆಯ ಅಂಶದ ಕೊರತೆ ಸುಮಾರು 5,000 ಗಂಡುಶಿಶುಗಳಲ್ಲಿ ಒಂದಕ್ಕೆ ಇರುವುದಾದರೆ, ಇಲ್ಲಿ ಹೆಚ್ಚೆಂದರೆ ನೂರರಷ್ಟು ಮಂದಿ ಇದ್ದಾರು. ನೂರು ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಯಾರಿಗೆ ಎಷ್ಟು ಬೇಕೆಂದು ತಿಳಿದರೆ, ಒಂದು ತಾಲ್ಲೂಕಿನಲ್ಲಿ ಉಳಿದುದನ್ನು ಅವಧಿ ಮುಗಿಯುವ ಮೊದಲೇ ಪಕ್ಕದ ತಾಲ್ಲೂಕಿಗೆ ಕಳುಹಬಹುದು. ಔಷಧವನ್ನಿಡಲು ಬೇಕಾದುದು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೀತ. ಮಕ್ಕಳ ಲಸಿಕೆಗಳಿಗಾಗಿ ಅಂತಹ ಪೆಟ್ಟಿಗೆಗಳು ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಆಗಲೇ ಇವೆ.

ವಿಜ್ಞಾನ ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮುಗಿಸಿದೆ. ಉಳಿದಿರುವುದು ಆ ಕೊನೆಯ 40 ಕಿಲೋಮೀಟರು. ಅದನ್ನು ಔಷಧವೇ ಕ್ರಮಿಸಬೇಕು. ಊದಿದ ಮೊಣಕಾಲಿನ ಬಾಲಕನಲ್ಲ.