ಆಟಿಯ ಕಷಾಯವೂ ಕರುಳಿನ ಮದ್ದಿನ ಪರೀಕ್ಷೆಯೂ

ಆಟಿ ಅಮಾವಾಸ್ಯೆಯಂದು ಉಡುಪಿ, ಕಾಪು, ಕಾರ್ಕಳಗಳ ಕಡೆಯ ಹಲವು ಮನೆಗಳಲ್ಲಿ ಬೆಳಕು ಹರಿಯುವ ಮೊದಲೇ ಒಬ್ಬರು ಎದ್ದು ಹಾಲೆಮರದ ಬುಡಕ್ಕೆ ಹೋಗುತ್ತಾರೆ. ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆಯನ್ನು ಎಬ್ಬಿಸಿ ತರುತ್ತಾರೆ. ಓಮ, ಬೆಳ್ಳುಳ್ಳಿ, ಕರಿಮೆಣಸುಗಳೊಡನೆ ಅದನ್ನು ಅರೆದು ಹಿಂಡಿದ ರಸಕ್ಕೆ ಕೆಂಡದಲ್ಲಿ ಕಾಯಿಸಿದ ಬಿಳಿಗಲ್ಲನ್ನು ಹಾಕಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ ಮೆಂತೆಯ ಗಂಜಿ. ವರ್ಷವಿಡೀ ಹೊಟ್ಟೆಯ ಬೇನೆ ಬಾರದೆಂಬುದು ನಂಬಿಕೆ. ಕತ್ತಲಲ್ಲಿ ಮರ ತಪ್ಪಿ ಕಾಸರಕನ ತೊಗಟೆಯನ್ನು ತಂದರೆ ಮಾತ್ರ ಅನಾಹುತ. ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರವಿಷ.

ಈ ಆಚರಣೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಕಷಾಯ ಕುಡಿದವನು ವರ್ಷವಿಡೀ ಸುಖವಾಗಿದ್ದರೆ ಅದು ಕಷಾಯದ ಗುಣವೋ, ಕುಡಿಯದೆ ಇದ್ದರೂ ಅವನು ಹಾಗೆಯೇ ಇರುತ್ತಿದ್ದನೋ? ಈ ಪ್ರಶ್ನೆ ಮನೆಯ ಹಿರಿಯರಿಗೆ ಮಾತ್ರವಲ್ಲ, ಕರುಳಿನ ರೋಗಗಳಿಗೆ ಮದ್ದು ಹುಡುಕುವ ವಿಜ್ಞಾನಿಗಳಿಗೂ ಅಷ್ಟೇ ಕಠಿಣವಾದದ್ದು.

ನಾವು ಹೇಳಹೊರಟಿರುವುದು ಭೇದಿ, ಅಜೀರ್ಣಗಳಂಥ ನಾಲ್ಕು ದಿನದ ಬೇನೆಗಳನ್ನಲ್ಲ. ಅಲ್ಸರೇಟಿವ್ ಕೊಲೈಟಿಸ್ ಎಂಬ ರೋಗದಲ್ಲಿ ದೊಡ್ಡ ಕರುಳಿನ ಒಳಪೊರೆ ಊದಿಕೊಂಡು ಹುಣ್ಣಾಗಿ ರಕ್ತ ಒಸರುತ್ತದೆ. ಕ್ರೋನ್ ಕಾಯಿಲೆಯಾದರೋ ಸಣ್ಣ ಕರುಳನ್ನೂ ಬಿಡದೆ, ಅದರ ಗೋಡೆಯ ಆಳಕ್ಕೂ ಇಳಿಯುತ್ತದೆ. ಇವು ಬಹುಮಟ್ಟಿಗೆ 15ರಿಂದ 30 ವರ್ಷದೊಳಗೆ ತಲೆದೋರುತ್ತವೆ. ಎಂದರೆ ಈ ಪುಟವನ್ನು ಓದುವವರ ಪ್ರಾಯದಲ್ಲಿ. ಮಲದಲ್ಲಿ ರಕ್ತ ಕಂಡ ಹುಡುಗನಾಗಲಿ ಹುಡುಗಿಯಾಗಲಿ ಅದನ್ನು ತಾಯಿಯೊಡನೆಯೂ ಹೇಳದೆ ತಿಂಗಳುಗಟ್ಟಲೆ ನುಂಗಿಕೊಂಡಿರುವುದುಂಟು. ಈ ನಾಚಿಕೆ ರೋಗಕ್ಕಿಂತ ಕಡಿಮೆಯ ಶತ್ರುವೇನೂ ಅಲ್ಲ.

ಈ ರೋಗಗಳಿಗೆ ಇನ್ನೊಂದು ಕಪಟವುಂಟು. ಅವು ಉಲ್ಬಣಿಸುತ್ತವೆ, ತಾವಾಗಿಯೇ ತಗ್ಗುತ್ತವೆ, ಮತ್ತೆ ಏಳುತ್ತವೆ. ತಗ್ಗುವ ಹೊತ್ತಿಗೆ ಸರಿಯಾಗಿ ಏನನ್ನು ಕುಡಿಸಿದರೂ ಅದು ಸಂಜೀವಿನಿಯಾಗಿ ತೋರುತ್ತದೆ. ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು 1955ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 210 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಟಿಸೋನನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇದ್ದ ಹುಸಿಗುಳಿಗೆಯನ್ನೂ ಕೊಟ್ಟರು. ಕಾರ್ಟಿಸೋನ್ ಪಡೆದವರಲ್ಲಿ ನೂರಕ್ಕೆ ಸುಮಾರು 41 ಮಂದಿಯ ರೋಗ ಶಮನವಾಯಿತು. ಹುಸಿಗುಳಿಗೆಯವರಲ್ಲಿಯೂ ನೂರಕ್ಕೆ 16 ಮಂದಿ ಹಾಗೆಯೇ ಚೇತರಿಸಿಕೊಂಡರು. ಆ 16 ಮಂದಿಯನ್ನು ಲೆಕ್ಕ ಹಿಡಿಯದವನು ಔಷಧವನ್ನು ಅಳೆಯಲಾರ.

ಮದ್ದು ಫಲಿಸುತ್ತದೆಂದು ತಿಳಿದರೂ ಏಕೆ ಫಲಿಸುತ್ತದೆಂದು ತಿಳಿಯುವುದಕ್ಕೆ ಕಾಲ ಹಿಡಿಯುತ್ತದೆ. ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ಬಳಕೆಗೆ ತಂದ ಸಲ್ಫಸಲಜೀನ್ 1940ರ ದಶಕದಲ್ಲಿಯೇ ಕೊಲೈಟಿಸ್ ರೋಗಿಗಳಿಗೆ ನೆರವಾಯಿತು. ಅದು ಎರಡು ವಸ್ತುಗಳನ್ನು ಗಂಟುಹಾಕಿ ಮಾಡಿದ ಮದ್ದು. ಜಠರದಲ್ಲಿಯಾಗಲಿ ಸಣ್ಣ ಕರುಳಿನಲ್ಲಿಯಾಗಲಿ ಗಂಟು ಬಿಚ್ಚದು. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳೇ ಅದನ್ನು ಕತ್ತರಿಸುವುವು. ಎರಡರಲ್ಲಿ ಯಾವ ಅರ್ಧ ಕೆಲಸ ಮಾಡುತ್ತದೆಂಬುದು ಗೊತ್ತಾದುದು 1977ರಲ್ಲಿ, ಆಜಾದ್ ಖಾನ್ ಮತ್ತು ಅವರ ಸಂಗಡಿಗರು ಆಕ್ಸ್‌ಫರ್ಡಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕೊಟ್ಟು ನೋಡಿದಾಗ. ಮದ್ದಿನ ಗುಣವೆಲ್ಲ ಸಲ್ಫಾದ ಭಾಗದಲ್ಲಿಲ್ಲ, ಇನ್ನೊಂದರಲ್ಲಿದೆ ಎಂದು ತಿಳಿಯಿತು. ಸೂಕ್ಷ್ಮಜೀವಿಗಳ ಈ ಚಾಕರಿಯನ್ನೇ ನಂಬಿ ಇಂದು ಗೋರಿಕಾಯಿ ಬೀಜದ ಗೋಂದಿನ ಕವಚವುಳ್ಳ ಗುಳಿಗೆಗಳನ್ನು ರೂಪಿಸಿ ಪರೀಕ್ಷಿಸುತ್ತಾರೆ. ಪಲ್ಯದ ತರಕಾರಿಗೆ ಇಂಥ ಯೋಗವೂ ಇದೆ!

ಅರಸಿನದ ಕಥೆ ಇನ್ನೂ ಬೋಧಪ್ರದವಾದದ್ದು. ನಮ್ಮ ಅಡುಗೆಮನೆಯ ಈ ವಸ್ತುವಿನ ಸಾರವಾದ ಕರ್ಕ್ಯುಮಿನ್ ಕೊಲೈಟಿಸ್ ಮರುಕಳಿಸುವುದನ್ನು ತಡೆಯುತ್ತದೆಯೇ ಎಂದು ಜಪಾನೀಯರು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ವಾಡಿಕೆಯ ಔಷಧದ ಜೊತೆಗೆ ದಿನಕ್ಕೆ 2 ಗ್ರಾಮಿನಂತೆ ಆರು ತಿಂಗಳು ಅದನ್ನು ಪಡೆದ 43 ಮಂದಿಯಲ್ಲಿ 2 ಮಂದಿಗೆ ಮಾತ್ರ ರೋಗ ಮರಳಿತು. ಹುಸಿಮದ್ದಿನ 39 ಮಂದಿಯಲ್ಲಿ 8 ಮಂದಿಗೆ. 2017ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಉಲ್ಬಣಿಸಿದ ರೋಗಕ್ಕೆ ದಿನಕ್ಕೆ 450 ಮಿಲಿಗ್ರಾಮ್ ಕೊಟ್ಟು ನೋಡಿ, ಪ್ರಯೋಜನವಾಗಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆದರು. ನಮಗೆ ಮೊದಲನೆಯದಕ್ಕಿಂತ ಈ ಎರಡನೆಯ ವರದಿಯ ಮೇಲೆಯೇ ಗೌರವ ಹೆಚ್ಚು. ಅರಸಿನದ ಮೇಲಿನ ಅಭಿಮಾನಕ್ಕೆ ಮಣಿಯದೆ ಬರೆದ ವರದಿಯದು.

ಪರದೇಶದಲ್ಲಿ ಸಿದ್ಧವಾದ ಮದ್ದನ್ನು ತರಿಸಿಕೊಂಡರಾಗದೇ ಎಂದು ಕೆಲವರು ಕೇಳುತ್ತಾರೆ. ಆಗದು. ಕ್ರೋನ್ ಕಾಯಿಲೆಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇನ್‌ಫ್ಲಿಕ್ಸಿಮ್ಯಾಬ್ ಶರೀರದ ಉರಿಯೂತವನ್ನು ಹೊತ್ತಿಸುವ ಒಂದು ಪ್ರೋಟೀನನ್ನು ಕಟ್ಟಿಹಾಕುತ್ತದೆ. ಆದರೆ ಕ್ಷಯದ ಕ್ರಿಮಿಗಳನ್ನು ಸುತ್ತುಗೋಡೆ ಕಟ್ಟಿ ಬಂಧಿಸಿಡಲು ಶರೀರಕ್ಕೆ ಬೇಕಾಗುವುದೂ ಅದೇ ಪ್ರೋಟೀನು. ನಮ್ಮ ದೇಶದಲ್ಲಿ ಕ್ಷಯದ ಕ್ರಿಮಿಯನ್ನು ಒಳಗಿಟ್ಟುಕೊಂಡೇ ಆರೋಗ್ಯವಾಗಿ ಓಡಾಡುವವರು ಬಹಳ. ಸಾಲದುದಕ್ಕೆ, ಕರುಳಿನ ಕ್ಷಯವೂ ಕ್ರೋನ್ ಕಾಯಿಲೆಯೂ ಅವಳಿಗಳಂತೆ ಕಾಣುತ್ತವೆ. ನುರಿತ ವೈದ್ಯರೂ ಎಷ್ಟೋ ವೇಳೆ ಕ್ಷಯದ ಮದ್ದನ್ನು ಮೊದಲು ಕೊಟ್ಟು, ಗುಣ ಕಾಣದಿದ್ದಾಗಲೇ ಕ್ರೋನ್ ಎಂದು ತೀರ್ಮಾನಿಸುತ್ತಾರೆ. ಕ್ಷಯ ವಿರಳವಾದ ನಾಡಿನ ರೋಗಿಗಳ ಮೇಲೆ ನಡೆದ ಪರೀಕ್ಷೆ ಈ ತೊಡಕನ್ನು ನಮಗೆ ಬಿಡಿಸಿಕೊಡಲಾರದು.

ಆದುದರಿಂದ ಇಂಥ ಪರೀಕ್ಷೆಗಳು ಇಲ್ಲಿ, ನಮ್ಮ ರೋಗಿಗಳ ನಡುವೆ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಬೇಕಾದ ಸಲಕರಣೆ ಮಣಿಪಾಲದ ಸುತ್ತಿನಲ್ಲಿ ಇರುವಷ್ಟು ಒತ್ತಾಗಿ ಬೇರೆಡೆ ಸಿಗುವುದು ಕಷ್ಟ. ಡಾ. ಟಿ. ಎಂ. ಎ. ಪೈಯವರು ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1963ರಲ್ಲಿ ಔಷಧ ವಿಜ್ಞಾನದ ಶಿಕ್ಷಣವೂ ಅಲ್ಲಿ ಆರಂಭವಾಯಿತು. ಗುಡ್ಡವಿಳಿದು ಉಡುಪಿಯನ್ನು ದಾಟಿದರೆ ಕುತ್ಪಾಡಿಯಲ್ಲಿ 1958ರಿಂದ ಆಯುರ್ವೇದ ಕಾಲೇಜು ಇದೆ. ರೋಗಿ, ರಸಾಯನಜ್ಞ, ವೈದ್ಯ, ಪಂಡಿತ, ನಾಲ್ವರೂ ಒಂದು ಬಸ್ಸಿನ ದಾರಿಯಲ್ಲಿದ್ದಾರೆ.

ಮೊದಲಿಗೆ ಕೊಡಸಿಗೆಯನ್ನು ಎತ್ತಿಕೊಳ್ಳಬಹುದೆಂದು ನಮಗೆ ತೋರುತ್ತದೆ. ಆಮಶಂಕೆಗೆ ಅದರ ತೊಗಟೆ ಪ್ರಾಚೀನ ಮದ್ದು. ಅದರಲ್ಲಿರುವ ಕೊನೆಸ್ಸಿನ್ ಎಂಬ ಕ್ಷಾರವನ್ನು ರಸಾಯನಜ್ಞರು ಬಹುಕಾಲದಿಂದ ಬಲ್ಲರು. ದೀರ್ಘಕಾಲದ ಉರಿಯೂತಕ್ಕೂ ಅದು ಸಲ್ಲುತ್ತದೆಯೇ? ಇಲಿಯ ಕರುಳು ವಾಸಿಯಾಯಿತೆಂಬ ವರದಿ ಇದಕ್ಕೆ ಉತ್ತರವಲ್ಲ. ಇಲಿಗೆ ನಾವು ರಾಸಾಯನಿಕದಿಂದ ಹುಟ್ಟಿಸುವ ಹುಣ್ಣು ಕೆಲವು ದಿನಗಳದು, ಮನುಷ್ಯನದು ಹಲವು ವರ್ಷಗಳದು. ಒಪ್ಪಿ ಬಂದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಯಾರ ಔಷಧವನ್ನೂ ನಿಲ್ಲಿಸದೆ, ಒಂದು ಗುಂಪಿಗೆ ಕೊಡಸಿಗೆಯನ್ನೂ ಇನ್ನೊಂದಕ್ಕೆ ಅಷ್ಟೇ ಕಹಿಯಾದ ಹುಸಿಮದ್ದನ್ನೂ ಸೇರಿಸಿ ಕೊಡಬೇಕು. ಕಹಿಯೂ ಸಮನಾಗಿರಬೇಕಾದುದು ಏಕೆಂದರೆ, ತುಳುನಾಡಿನವರ ನಾಲಗೆಯನ್ನು ವಂಚಿಸುವುದು ಸುಲಭವಲ್ಲ. ಪರೀಕ್ಷೆಯನ್ನು ಆರಂಭಿಸುವ ಮೊದಲೇ ಭಾರತದ ಪರೀಕ್ಷಾ ನೋಂದಣಿಯಲ್ಲಿ ಬರೆಸಬೇಕು. 2009ರಿಂದ ಅದು ಕಡ್ಡಾಯವೂ ಹೌದು. ಆಗ ಫಲ ಸೊನ್ನೆಯಾದರೂ ಪರೀಕ್ಷೆ ನಡೆದಿತ್ತೆಂಬುದನ್ನು ಯಾರೂ ಅಳಿಸಲಾರರು.