ಒಂದಕ್ಷರಕ್ಕೆ ಇಳಿದ ಮಹಾದೇವಿ



ನಾಮಕರಣದ ವಿಚಾರವಾಗಿ ಮಠಕ್ಕೆ ಬರುವ ಕೆಲವು ದಂಪತಿಗಳು ಹೆಣ್ಣುಮಗುವಿನ ಮುದ್ದಿನ ಹೆಸರನ್ನು ಮೊದಲೇ ನಿಶ್ಚಯಿಸಿರುತ್ತಾರೆ. ‘ಮಿನ್ನಿ ಎಂದು ಕರೆಯುತ್ತೇವೆ, ಅದಕ್ಕೆ ಹೊಂದುವ ಹೆಸರು ಬೇಕು. ಹಿರಿಯರ ಸಮಾಧಾನಕ್ಕೆ ಮಹಾದೇವಿ ಎಂಬುದನ್ನು ನಡುವೆ ಸೇರಿಸೋಣ’ ಎನ್ನುತ್ತಾರೆ. ನಡುವೆ ಸೇರಿದ ಆ ಹೆಸರು ಶಾಲೆಯ ಹಾಜರಿಯಲ್ಲಿ ‘ಎಂ.’ ಎಂಬ ಒಂದಕ್ಷರಕ್ಕೆ ಇಳಿಯುತ್ತದೆ. ಆ ಅಕ್ಷರದ ಹಿಂದೆ ಯಾರಿದ್ದಾರೆಂಬುದು ಮಗುವಿಗೇ ತಿಳಿಯುವುದಿಲ್ಲ. ಇದನ್ನು ಶರಣೆಗೆ ಸಲ್ಲಿಸಿದ ಗೌರವವೆನ್ನಬಹುದೇ?

ಮುದ್ದಿನ ಹೆಸರು ತಪ್ಪಲ್ಲ, ಕ್ರಮ ತಪ್ಪು. ಉಡುತಡಿಯ ಮಹಾದೇವಿಯನ್ನು ಶರಣಲೋಕವು ‘ಅಕ್ಕ’ ಎಂದು ಕರೆಯಿತು. ಆ ಕರೆ ಆಕೆಯ ನಡೆ-ನುಡಿಗಳಿಂದ ಹುಟ್ಟಿತು. ಗಂಡ ಮಾರಯ್ಯನು ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿಸಿದ ಲಕ್ಕಮ್ಮನ ಹೆಸರಿಗೆ ‘ಆಯ್ದಕ್ಕಿ’ ಸೇರಿತು. ನೂಲುವ ರೆಮ್ಮವ್ವೆಯ ಹೆಸರಿಗೆ ‘ಕದಿರು’ ಸೇರಿತು. ಹೆಸರಿನೊಡನೆ ಕೂಡಿದ್ದು ಕಾಯಕ.

‘ಜನ್ಮನಕ್ಷತ್ರದ ಅಕ್ಷರ ಕೂಡಬೇಕಲ್ಲ’ ಎನ್ನುವವರುಂಟು. ತಿಥಿ-ನಕ್ಷತ್ರಗಳ ಭಯವನ್ನು ಶರಣರು 12ನೆಯ ಶತಮಾನದಲ್ಲಿಯೇ ಅಲ್ಲಗಳೆದರು. ಇಷ್ಟಲಿಂಗವನ್ನು ಧರಿಸಿದ ಮನೆಗೆ ಆ ಭಯವೇಕೆ? ‘ಹಳೆಯ ಹೆಸರು, ಸಹಪಾಠಿಗಳು ನಕ್ಕಾರು’ ಎನ್ನುವವರೂ ಉಂಟು. ಬಸವಣ್ಣನವರ ಮಡದಿ ನೀಲಾಂಬಿಕೆಯ ಹೆಸರಿನ ಮಗು ಮನೆಯಲ್ಲಿ ನೀಲಾ ಆಗಲಾರಳೇ? ಅಜಗಣ್ಣನ ತಂಗಿ ಮುಕ್ತಾಯಕ್ಕನ ಹೆಸರಿನವಳು ಮುಕ್ತಾ ಆಗಲಾರಳೇ?

ಮೊದಲು ಶರಣೆಯ ಹೆಸರಿಡಿರಿ. ತೊಟ್ಟಿಲ ಬಳಿಯೇ ಆಕೆಯ ಕಥೆ ಹೇಳಿರಿ. ಮುದ್ದಿನ ಹೆಸರು ತಾನಾಗಿಯೇ ನಾಲಗೆಗೆ ಬರುತ್ತದೆ.