ಹೆಸರಿನ ಜಗಳವೋ, ಹಕ್ಕಿನ ಜಗಳವೋ?

ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿದ್ದ ಅರ್ಜಿಗಳನ್ನು 2023ರ ಅಕ್ಟೋಬರ್ 17ರಂದು ಸುಪ್ರೀಮ್ ಕೋರ್ಟು ತಳ್ಳಿಹಾಕಿದಾಗ ನಮ್ಮ ಸಮುದಾಯದ ಹಲವರು ನಿಟ್ಟುಸಿರು ಬಿಟ್ಟರು. ಜಮೀಅತ್ ಉಲಮಾಯೆ ಹಿಂದ್ ಆ ಅರ್ಜಿಗಳನ್ನು ನ್ಯಾಯಾಲಯದಲ್ಲೇ ವಿರೋಧಿಸಿತ್ತು. ಆದರೆ ತೀರ್ಪು ನಿಜವಾಗಿ ಏನು ಹೇಳಿತೆಂದು ವಿಚಾರಿಸಿದವರೆಷ್ಟು ಮಂದಿ?

ವಿವಾಹವು ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ತಿದ್ದಿ ಬರೆಯುವುದು ಕೋರ್ಟಿನ ಕೆಲಸವಲ್ಲ ಎಂಬಲ್ಲಿ ಐವರು ನ್ಯಾಯಾಧೀಶರದ್ದೂ ಒಮ್ಮತ. ಭಿನ್ನಮತ ಹುಟ್ಟಿದ್ದು ಅನಂತರ. ವಿವಾಹವೆಂಬ ಹೆಸರಿಲ್ಲದ ಸಹಜೀವನಕ್ಕೆ ಸರಕಾರದ ಮಾನ್ಯತೆ ಪಡೆಯುವ ಹಕ್ಕಿದೆ ಎಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಹಾಗೂ ನ್ಯಾಯಮೂರ್ತಿ ಕೌಲ್ ಬರೆದರು. ಭಟ್, ಕೊಹ್ಲಿ ಮತ್ತು ನರಸಿಂಹ ಅದನ್ನೂ ಒಪ್ಪಲಿಲ್ಲ. ಗಂಡು-ಹೆಣ್ಣಾಗಿ ಬಾಳುವ ಲಿಂಗಾಂತರಿಗಳು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದೆಂದೂ ತೀರ್ಪು ಹೇಳಿತು. ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಅರ್ಜಿದಾರರಲ್ಲೊಬ್ಬರಾಗಿದ್ದರು. ಗದ್ದಲದಲ್ಲಿ ಈ ಭಾಗ ಯಾರ ಕಿವಿಗೂ ಬೀಳಲಿಲ್ಲ.

ಇಸ್ಲಾಮಿನ ನಿಲುವು ಗುಟ್ಟಿನದೇನೂ ಅಲ್ಲ. ನಿಕಾಹ್ ಗಂಡು-ಹೆಣ್ಣಿನ ನಡುವಿನ ಕರಾರು. ಈಜಾಬ್, ಕಬೂಲ್, ಮಹ್ರ್, ಸಾಕ್ಷಿಗಳು. ಅದರ ಸಿಂಧುತ್ವ ನೋಂದಣಿ ಕಚೇರಿಯಿಂದ ಬರುವುದಲ್ಲ. ದೆಹಲಿಯ ಕಡತದಲ್ಲಿ ಇನ್ನಾವುದೋ ಸಂಬಂಧ ಇನ್ನಾವುದೋ ಹೆಸರಿನಲ್ಲಿ ದಾಖಲಾದರೆ ದೇವದುರ್ಗದಲ್ಲಿ ಖಾಝಿಯವರು ಬರೆಯುವ ನಿಕಾಹ್‌ನಾಮೆಯ ಒಂದಕ್ಷರವೂ ಬದಲಾಗದು. ಹಾಗಾದರೆ ಉಳಿಯುವ ಪ್ರಶ್ನೆ ಧರ್ಮದ್ದಲ್ಲ, ಪ್ರಜೆಗೆ ಸರಕಾರ ಸಲ್ಲಿಸಬೇಕಾದ ಕರ್ತವ್ಯದ್ದು.

2024ರಲ್ಲಿ ಕೇಂದ್ರವು ಸುತ್ತೋಲೆಗಳನ್ನು ಹೊರಡಿಸಿತು. ಇಂಥ ಜೋಡಿ ಒಂದೇ ರೇಶನ್ ಕಾರ್ಡಿನಲ್ಲಿರಬಹುದು, ಜಂಟಿ ಬ್ಯಾಂಕ್ ಖಾತೆ ತೆರೆಯಬಹುದು, ಬಂಧುಗಳು ಸಿಗದಿದ್ದಾಗ ಸಂಗಾತಿಯ ಶವವನ್ನು ಪಡೆಯಬಹುದು. ಇದನ್ನು ವಿರೋಧಿಸಲು ನಮಗಾವ ಕಾರಣವಿದೆ? ಯಹೂದಿಯೊಬ್ಬರ ಶವ ಹಾದುಹೋಗುವಾಗ ಪ್ರವಾದಿಯವರು(ಸ) ಎದ್ದು ನಿಂತದ್ದನ್ನು ನಾವೇ ಮಕ್ಕಳಿಗೆ ಕಲಿಸುತ್ತೇವಲ್ಲವೇ? ಆದರೆ ಸುತ್ತೋಲೆ ಕಾನೂನಲ್ಲ. ಪಿಂಚಣಿಯಾಗಲಿ ವಾರಸುದಾರಿಕೆಯಾಗಲಿ ಅದರಿಂದ ಬರುವುದಿಲ್ಲ.

ಸಹಜೀವನದ ಮಾನ್ಯತೆ ಎರಡನೇ ದರ್ಜೆಯದೆಂದು ಬೇಡಿಕೆಯಿಟ್ಟವರು ಹೇಳುತ್ತಾರೆ. ಅದು ವಿವಾಹಕ್ಕೆ ಏಣಿಯಾಗುವುದೆಂದು ವಿರೋಧಿಗಳು ಶಂಕಿಸುತ್ತಾರೆ. ಶಂಕೆ ನಿರಾಧಾರವಲ್ಲ, ಬ್ರಿಟನ್ನಿನಲ್ಲಿ 2004ರಲ್ಲಿ ಸಹಜೀವನ ಕಾಯ್ದೆ ಬಂತು, 2013ರಲ್ಲಿ ವಿವಾಹ ಕಾಯ್ದೆ. ಆದರೆ ಆ ಕಾಯ್ದೆ ಯಾವ ಮಸೀದಿಯನ್ನೂ ಚರ್ಚನ್ನೂ ಅಂಥ ವಿವಾಹ ನೆರವೇರಿಸಲು ಬಲವಂತಪಡಿಸುವುದಿಲ್ಲವೆಂಬುದನ್ನೂ ಹೇಳಬೇಕು.

ನಾವು ನಿಜವಾಗಿ ಹೆದರಬೇಕಾದುದು ಬೇರೆಡೆಯಿದೆ. ಇಸ್ಲಾಮಿನಲ್ಲಿ ವಿವಾಹವು ಗಂಡು-ಹೆಣ್ಣಿನ ಕರಾರೆಂದು 2023ರಲ್ಲಿ ಕೋರ್ಟಿಗೆ ತಿಳಿಸಿದ್ದು ಕೇಂದ್ರ ಸರಕಾರವೇ. ಅದೇ ಪಕ್ಷದ ಉತ್ತರಾಖಂಡ ಸರಕಾರವು 2025ರ ಜನವರಿಯಲ್ಲಿ ಸಮಾನ ನಾಗರಿಕ ಸಂಹಿತೆಯನ್ನು ಜಾರಿಗೊಳಿಸಿ ಮುಸ್ಲಿಮ್ ವೈಯಕ್ತಿಕ ಕಾನೂನನ್ನು ಬದಿಗೆ ಸರಿಸಿತು. ಆ ಸಂಹಿತೆಯಲ್ಲಿ, ಮದುವೆಯಾಗದೆ ಜೊತೆಗಿರುವ ಗಂಡು-ಹೆಣ್ಣು ನೋಂದಾಯಿಸಲೇಬೇಕು. ಸಲಿಂಗ ಜೋಡಿ ಬಯಸಿದರೂ ನೋಂದಣಿಯಿಲ್ಲ. ಒಂದು ಕಡೆ ನಮ್ಮ ಶರೀಅತ್ತು ವಾದಕ್ಕೆ ಬೇಕು, ಇನ್ನೊಂದು ಕಡೆ ಅದೇ ಶರೀಅತ್ತು ಬೇಡ!